ಏಳನೆಯ ಬೋಲ್ಟು

"ಎಂಜಿನ್‌ನಲ್ಲಿ ಗಂಭೀರ ದೋಷವಿಲ್ಲ. ಇದನ್ನು ಜೋಡಿಸಿದವನಲ್ಲಿ ಇದೆ."

ಲೋಹನಾಡಿ ಯಂತ್ರ ಇಷ್ಟನ್ನು ಶುದ್ಧ ಗ್ರಾಂಥಿಕ ಕನ್ನಡದಲ್ಲಿ, ಮುಂಡರಗಿಯ ಹೊರವಲಯದ ವಿಮಾನದ ಓಟಪಟ್ಟಿಯ ಬದಿಗೆ ನೆರೆದಿದ್ದ ಅಷ್ಟೂ ಜನರಿಗೆ ಕೇಳುವಂತೆ ಧ್ವನಿವರ್ಧಕದಲ್ಲಿ ಹೇಳಿತು. ಹೇಳಿ ಮುಗಿಸಿ, ತನ್ನ ತೆಳ್ಳನೆಯ ಉಕ್ಕಿನ ಬೆರಳನ್ನು ಎಂಜಿನ್ನಿನ ಮೇಲಿಂದ ಹಿಂದಕ್ಕೆ ಎಳೆದುಕೊಂಡಿತು, ಮುಟ್ಟಬಾರದ್ದನ್ನು ಮುಟ್ಟಿದವರ ಹಾಗೆ. ಆಮೇಲೆ ವಿವರ ಕೊಟ್ಟಿತು: "ಎಂಟೂ ತಲೆಬೋಲ್ಟುಗಳನ್ನು ಅಗತ್ಯಕ್ಕಿಂತ ಹೆಚ್ಚು ಬಲದಿಂದ, ಸಿಟ್ಟಿನಲ್ಲಿ ಬಿಗಿಯಲಾಗಿದೆ. ಏಳನೆಯದರ ಮೇಲಿನ ಸಿಟ್ಟು ಉಳಿದವುಗಳ ಎರಡರಷ್ಟು. ಹಾರಾಟಕ್ಕೆ ಅನುಮತಿ ಇಲ್ಲ."

ಜನ ನಕ್ಕರು. ಜೋಡಿಸಿದವನು ಫಕ್ಕೀರೇಶ. ಒಂಬತ್ತನೆಯ ಇಯತ್ತೆಯಲ್ಲಿ ಹೆಡ್‌ಮಾಸ್ತರರ ಜೊತೆ ಜಗಳವಾಡಿ ಶಾಲೆ ಬಿಟ್ಟವನು, ಈಗ ಸ್ವಂತ ಗ್ಯಾರೇಜಿನವನು. ಶಾಲೆಯಲ್ಲಿ ಬೈಸಿಕೊಂಡಾಗ ಮೂವತ್ತು ಜನ ಕೇಳಿಸಿಕೊಂಡಿದ್ದರೆ ಇಲ್ಲಿ ಮುನ್ನೂರು ಜನ ಕೇಳಿಸಿಕೊಂಡರು. ಬದುಕಿನಲ್ಲಿ ತಾನು ಮುಂದೆ ಬಂದಿದ್ದೇನೆ ಎಂಬುದಕ್ಕೆ ಅವನ ಹತ್ತಿರ ಇದ್ದ ಪುರಾವೆ ಇದೊಂದೇ.

"ಏ ಫಕ್ಕೀರೇಶಾ," ಎಂದ ಗುರುಶಾಂತ, ಕೈ ಕಟ್ಟಿಕೊಂಡು ನಿಂತಲ್ಲಿಂದಲೇ. "ನಮಗ ಮೊದಲೇ ಗೊತ್ತಿತ್ತು. ಮಷೀನಿಗೆ ಇವತ್ತ ಗೊತ್ತಾತು ನೋಡು."

ಗುರುಶಾಂತ ಹಾಗೆ ಹೇಳಬಲ್ಲವನಾಗಿದ್ದ. ಅವನ ಗಿರಕಿ ವಿಮಾನಕ್ಕೆ ಪರದೇಶದ ಹೊಸ ಎಂಜಿನ್ ಇತ್ತು. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ದುರಸ್ತಿಗಾರರನ್ನು ಮುಟ್ಟಿಸುವ ಕೆಲಸಕ್ಕೆ ಕಂಪನಿಯವರು ಇಬ್ಬರು ಹಾರಾಟಗಾರರನ್ನು ಕೇಳಿದ್ದರು. ಮೊದಲನೆಯ ಜಾಗ ಗುರುಶಾಂತನಿಗೆ ಸಿಕ್ಕಾಗಿತ್ತು. ಎರಡನೆಯದು ಆಷಾಢದ ಗಾಳಿ ಏಳುವುದರೊಳಗೆ ನಾಡಿ ಪರೀಕ್ಷೆಯಲ್ಲಿ ಪಾಸಾದವನಿಗೆ. ಆ ಜಾಗ ಫಕ್ಕೀರೇಶನಿಗೆ ಬೇಕಿತ್ತು. ಬೇಕಿತ್ತು ಎಂದರೆ ಸಾಲದು. ಅದಕ್ಕಾಗಿ ಅವನು ಎರಡು ವರ್ಷ ಗ್ಯಾರೇಜಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೊಳವೆ ಬೆಸೆಯುತ್ತ, ತಾನು ಬೆಸೆದದ್ದನ್ನು ತಾನೇ ಬೈಯುತ್ತ ಕಳೆದಿದ್ದ.

ಗಿರಕಿ ವಿಮಾನ ಎಂದರೆ ಹೆಲಿಕಾಪ್ಟರಿನ ಬಡ ಸಂಬಂಧಿ. ನೆತ್ತಿಯ ಮೇಲಿನ ಉದ್ದನೆಯ ರೆಕ್ಕೆಗೆ ಎಂಜಿನ್ ಇರುವುದಿಲ್ಲ. ಮುಂದಕ್ಕೆ ಓಡುವಾಗ ಗಾಳಿ ಹೊಡೆದು ಅದು ತಾನಾಗಿಯೇ ತಿರುಗುತ್ತದೆ, ತಿರುಗುತ್ತ ಮೇಲಕ್ಕೆತ್ತುತ್ತದೆ. ಎಂಜಿನ್ ಇರುವುದು ಬೆನ್ನ ಹಿಂದೆ, ಅದರ ಕೆಲಸ ನೂಕುವುದಷ್ಟೇ. ಅದು ನಿಂತುಹೋದರೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ಗಿರಕಿ ಹೊಡೆಯುತ್ತ ಇಳಿಯುತ್ತದೆ. ಇಳಿಯುವ ಜಾಗದಲ್ಲಿ ಬಂಡೆ ಇರಬಾರದು ಅಷ್ಟೇ. ಕಪ್ಪತಗುಡ್ಡದಲ್ಲಿ ಬಂಡೆ ಬಿಟ್ಟು ಬೇರೆ ಏನೂ ಹೆಚ್ಚಾಗಿ ಇಲ್ಲದ್ದರಿಂದ ಎಂಜಿನ್ ನಿಲ್ಲದಿರುವುದೇ ಒಳ್ಳೆಯದು ಎಂದು ಕಂಪನಿಯವರ ಅಭಿಪ್ರಾಯವಾಗಿತ್ತು.

ವಿಮಾನಕ್ಕೆಂದೇ ಮಾಡಿದ ಎಂಜಿನ್ನಿನ ಬೆಲೆ ಕೇಳಿ ಫಕ್ಕೀರೇಶ ಮೊದಲು ನಕ್ಕಿದ್ದ, ಆಮೇಲೆ ಅಂಗಡಿಯವನಿಗೆ ಬೈದಿದ್ದ. ಹಾಗಾಗಿ ಬದಲಿ ಹುಡುಕಲು ಹೊರಟ. ಮೊದಲು ತಂದದ್ದು ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್. ಲೋಹನಾಡಿ ಅದನ್ನು ಮುಟ್ಟಿ, "ಇದು ಹೇಳದೆ ಕೇಳದೆ ನಿಲ್ಲುವ ಸ್ವಭಾವದ್ದು" ಎಂದಿತು. ಎರಡನೆಯದು ನೀರೆತ್ತುವ ಪಂಪಿನ ಡೀಸೆಲ್ ಎಂಜಿನ್. "ಗಟ್ಟಿಯಾಗಿದೆ. ಇದನ್ನು ಹೊತ್ತು ವಿಮಾನ ಏಳುವುದಿಲ್ಲ, ನೆಲ ಕುಸಿಯಬಹುದು" ಎಂದಿತು. ಮೂರನೆಯದು, ಪೆಟ್ರೋಲ್ ಕಾರುಗಳ ಕಾಲ ಮುಗಿದ ಮೇಲೆ ಗುಜರಿಯಲ್ಲಿ ತೂಕಕ್ಕೆ ಮಾರಾಟವಾಗುತ್ತಿದ್ದ ಪುಟ್ಟ ಕಾರಿನ ಮೂರು ಸಿಲಿಂಡರಿನ ಎಂಜಿನ್. ಗುಜರಿಯವನು, "ಒಬ್ಬರ ಡಾಕ್ಟರ್ರು ಓಡಿಸಿದ್ದರಿ, ಬರೇ ಆಸ್ಪತ್ರಿಗೆ ಹೋಗಿ ಬರಾಕ" ಎಂದು ಆಣೆ ಮಾಡಿ ಕೊಟ್ಟಿದ್ದ. ಲೋಹನಾಡಿ ಬಹಳ ಹೊತ್ತು ಬೆರಳಿಟ್ಟುಕೊಂಡು ಕೂತು, "ಇದು ಹದಿನಾರು ವರ್ಷ ಡ್ರೈವಿಂಗ್ ಕಲಿಸುವ ಶಾಲೆಯಲ್ಲಿತ್ತು. ಇದಕ್ಕೆ ತಾಳ್ಮೆ ಇದೆ. ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ತಂದರೆ ಹಾರಬಹುದು" ಎಂದಿತ್ತು.

ಅವನು ಬಿಚ್ಚಿದ, ತೊಳೆದ. ಕಾರಿನ ಎಂಜಿನ್ ವೇಗವಾಗಿ ಸುತ್ತುವಂಥದ್ದು, ಹಿಂದಿನಿಂದ ನೂಕುವ ಪಂಖ ಅಷ್ಟು ವೇಗವನ್ನು ತಾಳುವುದಿಲ್ಲ. ನಡುವೆ ಹಲ್ಲಿನ ಪಟ್ಟಿ ಹಾಕಿ ವೇಗ ಇಳಿಸಿದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕೊನೆಗೆ ಎಂಜಿನ್ನಿನ ತಲೆಯನ್ನು ಮೈಗೆ ಕೂರಿಸಿ ಎಂಟು ಬೋಲ್ಟು ಬಿಗಿದ. ಅದರ ಫಲವನ್ನು ಈಗಷ್ಟೇ ಮುನ್ನೂರು ಜನ ಕೇಳಿದ್ದರು.

ಲೋಹನಾಡಿಯನ್ನು ಕಂಡುಹಿಡಿದ ಡಾ. ಅಂಬುಜಾ ಸವಣೂರ ಅವರು ಅಲ್ಲಿಯೇ ಕೊಡೆಯ ನೆರಳಿನಲ್ಲಿ ಕೂತಿದ್ದರು. ಧಾರವಾಡದವರು, ಬಿಳಿ ಕೂದಲು, ಕೈಯಲ್ಲಿ ಚಹಾದ ಫ್ಲಾಸ್ಕು. ಜನ ಚದುರಿದ ಮೇಲೆ ಫಕ್ಕೀರೇಶ ಅವರ ಮುಂದೆ ಹೋಗಿ ನಿಂತ.

"ಮೇಡಮ್ಮರ, ಮಷೀನಿಗೆ ಮೆಲ್ಲಕ ಮಾತಾಡಾಕ ಬರೂದಿಲ್ಲೇನ್ರಿ?"

"ಕಾಯದೆ ಹಂಗ ಅದಪಾ. ಕಿವ್ಯಾಗ ಹೇಳಿದ್ರ ಲಂಚ ಕೊಟ್ಟು ಮುಚ್ಚಿಸ್ತಾರ. ಅದಕ್ಕ ಎಲ್ಲಾರ ಮುಂದ ಹೇಳಬೇಕು ಅಂತ ಮಾಡೇವಿ." ಅವರು ಚಹಾ ಬಗ್ಗಿಸಿ ಅವನಿಗೆ ಕೊಟ್ಟರು. "ನಿನಗ ಸಿಟ್ಟು ಬಂತೇನು?"

"ಬಂದಿಲ್ರಿ. ಇದ್ದದ್ದು ಹೋಗೇ ಇಲ್ಲ."

"ಖರೇ ಹೇಳಿದಿ."

"ಅದಕ್ಕ ಹ್ಯಾಂಗ ಗೊತ್ತಾತ್ರಿ ಆದ್ರೂ? ಕಬ್ಬಿಣಕ್ಕೇನ್ ಬಾಯಿ ಐತೇನು?"

ಅಂಬುಜಾ ಅವರಿಗೆ ಈ ಪ್ರಶ್ನೆ ಇಷ್ಟವಾಯಿತು. ಲೋಹಕ್ಕೆ ನೆನಪಿದೆ ಎಂದು ಅವರು ವಿವರಿಸಿದರು. ಒಂದು ಬೋಲ್ಟನ್ನು ತಿರುವಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಒಳಗಿನ ಕಣಗಳು ಸಾಲು ಬದಲಿಸುತ್ತವೆ. ಸಮಾಧಾನದ ಕೈ ಒಂದೇ ಸಮನೆ ತಿರುವುತ್ತದೆ. ಸಿಟ್ಟಿನ ಕೈ ತಡೆದು ತಡೆದು ಎಳೆಯುತ್ತದೆ. ಆ ಎಳೆತದ ಗುರುತು ಲೋಹದೊಳಗೆ ಮರದ ಉಂಗುರಗಳ ಹಾಗೆ ಉಳಿಯುತ್ತದೆ. ಇದಕ್ಕೆ ಅವರು ಲೋಹಸ್ಮೃತಿ ಎಂದು ಹೆಸರಿಟ್ಟಿದ್ದರು. ನಾಡಿಯ ಬೆರಳು ಕಿವಿಗೆ ಕೇಳಿಸದ ಧ್ವನಿಯೊಂದನ್ನು ಒಳಕ್ಕೆ ಕಳಿಸಿ ಆ ಗುರುತುಗಳನ್ನು ಓದುತ್ತದೆ. ಅತಿಯಾಗಿ ಎಳೆದ ಬೋಲ್ಟು ದಣಿದಿರುತ್ತದೆ, ಬೆಟ್ಟದ ಮೇಲೆ ಯಾವುದೋ ಒಂದು ದಿನ ಪಟ್ಟನೆ ಮುರಿಯುತ್ತದೆ.

"ಹಂಗ್ಯಾಕ ಎಳದಿ ಅಷ್ಟು?" ಎಂದರು.

ಫಕ್ಕೀರೇಶ ಚಹಾ ಕುಡಿದು ಮುಗಿಸಿದ. ಆಮೇಲೆ ಹೇಳಿದ. ಅವನಿಗೆ ಕೆಲಸ ಕಲಿಸಿದ ಉಸ್ತಾದ್ ಮೌಲಾಲಿಯ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಬೋಲ್ಟು ಬಿಗಿಯಾದ ಮೇಲೆ ಕೊನೆಯ ಕಾಲು ಸುತ್ತಿಗೆ ಆಗದವನೊಬ್ಬನ ಹೆಸರು ಹೇಳಿ ಪಾನಾ, ಅಂದರೆ ಸ್ಪ್ಯಾನರು, ಎಳೆಯಬೇಕು. ಬಿಗಿತ ಅಳೆಯುವ ಮಾಪಕದ ಪಾನಾ ಕೊಳ್ಳಲಾಗದ ಗ್ಯಾರೇಜಿನಲ್ಲಿ ಅದೇ ಮಾಪಕ. ಉಸ್ತಾದನಿಗೆ ಇದ್ದದ್ದು ಒಬ್ಬನೇ ಶತ್ರು, ಅವನ ಬೀಗ. ಅದೂ ಬರೀ ಮಾತಿನ ಜಗಳ. ಹೀಗಾಗಿ ಉಸ್ತಾದನ ಬೋಲ್ಟುಗಳೆಲ್ಲ ಒಂದೇ ಹದದಲ್ಲಿರುತ್ತಿದ್ದವು. ಶಿಷ್ಯ ಮಾತ್ರ ಶತ್ರುಗಳಲ್ಲಿ ಶ್ರೀಮಂತ.

"ಎಂಟು ಬೋಲ್ಟಿಗೆ ಎಂಟು ಮಂದಿ?"

"ಹೂಂರಿ. ಹೆಡ್‌ಮಾಸ್ತರ್ರು, ಗುರುಶಾಂತ, ನಮ್ಮ ಅಕ್ಕನ ಗಂಡ... ಮಂದಿಗೇನ್ ಬರ ಇಲ್ರಿ ನನಗ."

ಅಂಬುಜಾ ಅವರು ನಗಲಿಲ್ಲ. ತಮ್ಮ ಪೆಟ್ಟಿಗೆಯಿಂದ ಮಾಪಕದ ಪಾನಾ ತೆಗೆದು ಕೊಟ್ಟರು, ಹೊಸ ಬೋಲ್ಟು ಹಾಕಲು ಹೇಳಿದರು. "ಹದಕ್ಕ ಬಂದಾಗ ಇದು ಟಕ್ ಅಂತದ. ಯಾರ ಹೆಸರೂ ಬ್ಯಾಡ. ಮನಸು ಖಾಲಿ ಇಟಗೊಂಡು ಬಿಗಿ."

ಖಾಲಿ ಮನಸ್ಸು ಫಕ್ಕೀರೇಶನಿಗೆ ಹೊಸದು. ಹೆಡ್‌ಮಾಸ್ತರರು ಅವನ ತಲೆಯ ಬಗ್ಗೆ ಹಾಗೆ ಹೇಳಿದ್ದುಂಟು, ಆದರೆ ಅವನಿಗೆ ಸ್ವತಃ ಅನುಭವವಾಗಿರಲಿಲ್ಲ. ಶೆಡ್ಡಿನಲ್ಲಿ ಪಾನಾ ಹಿಡಿದು ನಿಂತ. ಯಾರನ್ನೂ ನೆನೆಯದೆ ತಿರುವಲು ಹೋದರೆ ಕೈ ತನ್ನದಲ್ಲ ಅನ್ನಿಸಿತು. ಇನ್ನೊಂದಿಷ್ಟು ಎಳೆದರೆ ಹೆಚ್ಚಾದೀತು, ಮುನ್ನೂರು ಜನ ಮತ್ತೆ ನಕ್ಕಾರು ಎಂದು ಪ್ರತಿಯೊಂದನ್ನೂ ಟಕ್ ಅನ್ನುವ ಮೊದಲೇ ಬಿಟ್ಟ.

ಮರುವಾರ ಓಟಪಟ್ಟಿಯಲ್ಲಿ ಲೋಹನಾಡಿ ಬೆರಳಿಟ್ಟು ಹೇಳಿತು: "ಎಂಟೂ ಬೋಲ್ಟುಗಳನ್ನು ಅಳುಕಿನಿಂದ ಬಿಗಿಯಲಾಗಿದೆ. ಇದನ್ನು ಜೋಡಿಸಿದವನಿಗೆ ತನ್ನ ಕೈಯ ಮೇಲೆ ನಂಬಿಕೆ ಇಲ್ಲ. ಅನುಮತಿ ಇಲ್ಲ."

ಈ ಸಲ ನಗು ಕಡಿಮೆ ಇತ್ತು. ಅದು ಅವನಿಗೆ ಇನ್ನೂ ಕೆಟ್ಟದೆನಿಸಿತು. ಸಿಟ್ಟಿನವನು ಅನ್ನಿಸಿಕೊಂಡು ಬಾಳಬಹುದು. ಅಳ್ಳೆದೆಯವನು ಅನ್ನಿಸಿಕೊಂಡು ಮುಂಡರಗಿಯಲ್ಲಿ ಗ್ಯಾರೇಜು ನಡೆಸುವುದು ಕಷ್ಟ. ಗಾಳಿಗೆ ಆಗಲೇ ಕೊಡೆಗಳು ಮಗುಚುತ್ತಿದ್ದವು. ಕಂಪನಿಯವನು ಬಂದು, ಮುಂದಿನ ಸೋಮವಾರ ಕಡೆಯ ಪರೀಕ್ಷೆ, ಆಮೇಲೆ ಹೊರಗಿನವರನ್ನು ಕರೆಸುತ್ತೇವೆ ಎಂದು ಹೇಳಿ ಹೋದ.

"ನಾ ತಪ್ಪು ಹೇಳಿದೆ ನಿನಗ," ಎಂದರು ಅಂಬುಜಾ, ಅವತ್ತು ತಾವೇ ಅವನ ಶೆಡ್ಡಿಗೆ ಬಂದು. ಕೂರಲು ಬೇರೇನೂ ಇಲ್ಲದೆ ಪೈಲಟ್ಟಿನ ಸೀಟಿನಲ್ಲೇ ಕೂತರು. "ಸಿಟ್ಟು ತಗದ್ರ ನಿನ್ನ ಕೈಯಾಗ ಏನೂ ಉಳಿಯೂದಿಲ್ಲ."

"ಉಪಕಾರ ಆತ್ರಿ."

"ಸಿಟ್ಟಿಗೆ ಬರಬ್ಯಾಡ, ಕೇಳು. ವಿಮಾನದ ಎಂಜಿನ್ ಕೈಗೆಟುಕಲಿಲ್ಲ, ನೀ ಏನ್ ಮಾಡಿದಿ? ಮನೀಗೆ ಹೋಗಿ ಮಲಗಿದ್ಯಾ? ಕಾರಿಂದು ತಂದಿ. ಸಿಟ್ಟಿಂದೂ ಹಂಗ. ಹೆಡ್‌ಮಾಸ್ತರ್ರು ನಿನಗ ಎಟುಕೂದಿಲ್ಲ. ಬದಲಿ ಹುಡುಕು. ಸಣ್ಣದು, ಹಗುರ ಇರೂದು."

ಅದುವರೆಗೆ ಎಂಜಿನ್ ಹುಡುಕಿದವನು ಈಗ ಶತ್ರುಗಳನ್ನು ಹುಡುಕಲು ಹೊರಟ. ಹಳೆಯ ಶತ್ರುಗಳೆಲ್ಲ ಭಾರವಾಗಿದ್ದರು. ಹೆಡ್‌ಮಾಸ್ತರರ ಹೆಸರೆತ್ತಿದರೆ ಟಕ್ ಅನ್ನುವುದನ್ನು ದಾಟಿ ಪಾನಾ ಎರಡು ಬೆರಳು ಮುಂದೆ ಹೋಗುತ್ತಿತ್ತು. ಹಾಗಾಗಿ ಅವರ ಬದಲಿಗೆ ಪಕ್ಕದ ಮನೆಯ ಆಡು: ಅದು ಪೈಲಟ್ಟಿನ ಸೀಟಿನ ಹೊದಿಕೆಯನ್ನು ತಿಂದಿತ್ತು. ಪಾನಾ ಸರಿಯಾಗಿ ಟಕ್ ಅಂದಿತು. ಎರಡನೆಯದಕ್ಕೆ ಚಹಾದಂಗಡಿಯ ರುದ್ರವ್ವ, ಅಂಗಡಿಯಲ್ಲಿ ಎಷ್ಟು ಕಪ್ಪುಗಳಿದ್ದರೂ ಅವನಿಗೆ ತುಟಿ ಮುಕ್ಕಾದ ಕಪ್ಪನ್ನೇ ಕೊಡುವವಳು. ಟಕ್. ಡಾಕ್ಟರರ ಕಥೆ ಹೇಳಿದ ಗುಜರಿಯವನು ಸ್ವಲ್ಪ ಹೆಚ್ಚಾದ. ಎಂಜಿನ್ ಒಳ್ಳೆಯದೇ ಬಂತಲ್ಲ ಎಂದು ನೆನಪು ಮಾಡಿಕೊಂಡಾಗ ಹದಕ್ಕೆ ಬಂದ. ಅಕ್ಕನ ಗಂಡನಿಗೆ ಬದಲಾಗಿ ಅಕ್ಕನ ಗಂಡನ ಗೊರಕೆ. ಇಂಥವೇ ಇನ್ನೆರಡು ಸೇರಿ ಆರಾಯಿತು. ಏಳನೆಯದನ್ನು ಬಿಟ್ಟು ಎಂಟಕ್ಕೆ ಹೋದ, ಬಸ್ ನಿಲ್ಲಿಸದೆ ಹೋದ ಕಂಡಕ್ಟರನೊಬ್ಬನಿಂದ ಅದೂ ಮುಗಿಯಿತು.

ಏಳನೆಯದು ಉಳಿಯಿತು.

ಮೊದಲ ಸಲ ಅದನ್ನು ಬಿಗಿಯುವಾಗ ಅವನು ಹೇಳಿದ್ದ ಹೆಸರು ತನ್ನದೇ. ಕಂಪಾಸ್ ಪೆಟ್ಟಿಗೆಯನ್ನು ಬೆಂಚಿನ ಮೇಲೆ ಕುಕ್ಕಿ ಒಂಬತ್ತನೆಯ ಇಯತ್ತೆಯಿಂದ ಎದ್ದು ಹೋದವನ ಮೇಲೆ, ಆಮೇಲೆ ಹೋದಲ್ಲೆಲ್ಲ ಬಾಗಿಲು ಬಡಿದು ಬಂದವನ ಮೇಲೆ, ಪಾನಾವನ್ನು ಎರಡೂ ಕೈಯಿಂದ ಜೋತುಬಿದ್ದು ಎಳೆದಿದ್ದ. ಈಗ ಬದಲಿಗೆ ಯಾರನ್ನಾದರೂ ಹಾಕೋಣವೆಂದು ನೋಡಿದ. ಆ ಬೋಲ್ಟಿಗೆ ಯಾರೂ ಹೊಂದಲಿಲ್ಲ. ಹೊರಗೆ ಆಡು ಕೂಗಿತು. ಸೀಟಿನ ಹರಿದ ಹೊದಿಕೆ, ತಾನೇ ಬೆಸೆದ ಕೊಳವೆಗಳು, ನೆತ್ತಿಯ ಮೇಲಿನ ರೆಕ್ಕೆ ಎಲ್ಲವನ್ನೂ ಒಮ್ಮೆ ನೋಡಿದ. ಶಾಲೆ ಬಿಟ್ಟ ಆ ಮೂರ್ಖ ಇಷ್ಟನ್ನಾದರೂ ಮಾಡಿದ್ದಾನಲ್ಲ ಅನ್ನಿಸಿತು. ತನ್ನ ಹೆಸರನ್ನೇ ಹೇಳಿದ, ರುದ್ರವ್ವನ ಕಪ್ಪಿನ ಬಗ್ಗೆ ಗೊಣಗುವಷ್ಟೇ ಧ್ವನಿಯಲ್ಲಿ. ಪಾನಾ ಟಕ್ ಅಂದಿತು.

ಸೋಮವಾರ ಇಡೀ ಊರು ಬಂದಿತ್ತು. ಫಕ್ಕೀರೇಶನ ಹೊಸ ಶತ್ರುಗಳ ಸುದ್ದಿ ಹೇಗೋ ಹಬ್ಬಿ, ರುದ್ರವ್ವ ಅಂಗಡಿ ಮುಚ್ಚಿ ಮುಂದಿನ ಸಾಲಿನಲ್ಲಿ ನಿಂತಿದ್ದಳು. ಆಡಿನವರು ಆಡನ್ನೇ ಹಿಡಿದು ತಂದಿದ್ದರು. ಲೋಹನಾಡಿ ಬೆರಳಿಟ್ಟಿತು. ಯಾವತ್ತಿಗಿಂತ ಹೆಚ್ಚು ಹೊತ್ತು ಇಟ್ಟುಕೊಂಡಿತು.

"ಎಂಟೂ ಬೋಲ್ಟುಗಳ ಮೇಲೆ ಒಂದೇ ಪ್ರಮಾಣದ, ಸಾಧಾರಣ ಸಿಟ್ಟು. ಇದನ್ನು ಜೋಡಿಸಿದವನೊಂದಿಗೆ ಪ್ರಯಾಣ ಮಾಡಬಹುದು. ಅನುಮತಿ ಇದೆ."

ಕಂಪನಿಯವನು ಬಂದು ಕೈ ಕುಲುಕಿದ. ರುದ್ರವ್ವ, "ಎರಡನೇದು ನಂದಽ ಅಂತಲ್ಲೋ," ಎಂದು ಬೋಲ್ಟನ್ನು ಮುಟ್ಟಿ ನೋಡಿ ಖುಷಿಪಟ್ಟಳು. ಲೋಹನಾಡಿಯ ನಿರ್ಮಾತೃಗಳು ಊಹಿಸದಿದ್ದ ಪರಿಣಾಮವೊಂದು ಆಗ ಕಾಣಿಸಿಕೊಂಡಿತು. ಜನ ತಮ್ಮ ಮೇಲೆ ಸಿಟ್ಟಿದೆಯೆಂದು ತಿಳಿದು ಹೆಮ್ಮೆಪಡತೊಡಗಿದ್ದರು. ಗುರುಶಾಂತ ಗುಂಪನ್ನು ಸರಿಸಿಕೊಂಡು ಬಂದ.

"ನಂದ್ಯಾವದು?"

"ನಿಂದಿಲ್ಲ," ಎಂದ ಫಕ್ಕೀರೇಶ.

"ಇಲ್ಲ ಅಂದ್ರ? ಆಡಿಂದು ಐತಿ, ನಂದಿಲ್ಲ?"

"ನೀ ಭಾಳ ತುಟ್ಟಿ ಆಗ್ತಿದ್ದಿ ಮಾರಾಯಾ. ಪೂರೈಸಲಿಲ್ಲ."

ಗುರುಶಾಂತನ ಮುಖ ಸಣ್ಣದಾಯಿತು. ಎರಡು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ಜಗಳ ಹೀಗೆ ಒಂದು ಆಡಿನ ಪಾಲಾಗಬಹುದು ಎಂದು ಅವನು ಎಣಿಸಿರಲಿಲ್ಲ. "ಮುಂದಿನ ಸಲ ಬಿಚ್ಚಿದಾಗ ನೋಡು ಒಂದೀಟು," ಎಂದು ಮೆಲ್ಲಗೆ ಹೇಳಿ ಹಿಂದೆ ಸರಿದ.

ಫಕ್ಕೀರೇಶ ಹೆಲ್ಮೆಟ್ ಎತ್ತಿಕೊಂಡ. ಅಂಬುಜಾ ಅವರು ಕೊಡೆಯ ಕೆಳಗಿಂದ ಎದ್ದು ಹತ್ತಿರ ಬಂದರು.

"ಒಂದು ಕೇಳೂದದ. ಶಾಸ್ತ್ರಕ್ಕಲ್ಲ, ನನಗ," ಎಂದರು. "ಮೊದಲನೇ ಸಲ ಏಳನೇದರ ಮ್ಯಾಲೆ ಎರಡು ಪಟ್ಟು ಇತ್ತು. ಈಗ ಎಲ್ಲಾರ ಸಮ ಆಗ್ಯದ. ಯಾರಪಾ ಅಂವಾ?"

ಆಡು, ರುದ್ರವ್ವ, ಗುರುಶಾಂತ ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಫಕ್ಕೀರೇಶ ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಹದವಾಗಿ ಬಿಗಿದುಕೊಂಡ, ಮುರುಕು ನಗೆಯೊಂದನ್ನು ನಕ್ಕ, ಗಿರಕಿ ವಿಮಾನದ ಕಡೆಗೆ ನಡೆದು ಹೋದ.