ಕಿಟಕಿ ಪಕ್ಕದ ಬೆಡ್‌ನ ಖಾಲಿ ತಟ್ಟೆ

ಪ್ರೀತಿಯ ಕಥೆ ಬರೆಯುವಷ್ಟು ಓದು ನನ್ನದಲ್ಲ; ಸಂಜೆ ಕಾಲೇಜಿನಲ್ಲಿ ಕಲಿತವಳು. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಸ್ಪತ್ರೆಗೆ ಸೇರಿದವರಲ್ಲಿ ಯಾರು ಊಟ ಸೇರದೆ ಸೊರಗುತ್ತಿದ್ದಾರೆಂದು ಮೊದಲೇ ಗುರುತಿಸುವುದು ನನ್ನ ಕೆಲಸ. ತೂಕ ನೋಡುತ್ತೇನೆ, ಹಸಿವು ವಿಚಾರಿಸುತ್ತೇನೆ, ಊಟವಾದ ಮೇಲೆ ತಟ್ಟೆ ನೋಡುತ್ತೇನೆ.

ಆಪರೇಷನ್‌ಗೆಂದು ಸೇರಿದ್ದ, ಕಿಟಕಿ ಪಕ್ಕದ ಬೆಡ್‌ನ ವಯಸ್ಸಾದ ಅಮ್ಮನ ತಟ್ಟೆ ಸದಾ ತೊಳೆದಿಟ್ಟ ಹಾಗಿರುತ್ತಿತ್ತು. ಚೆನ್ನಾಗಿ ಉಣ್ಣುತ್ತಾರೆಂದು ಬರೆದೆ. ವಾರದ ಕೊನೆಗೆ ನೋಡಿದರೆ ತೂಕ ಇಳಿದಿತ್ತು. ಇನ್ನೂ ಇಳಿದರೆ ಆಪರೇಷನ್ ಮುಂದಕ್ಕೆ ಹಾಕಬೇಕು ಎಂದರು ಡಾಕ್ಟರು. ಚೆನ್ನಾಗಿ ಉಣ್ಣುತ್ತಾರೆಂದು ಬರೆದವಳು ನಾನೇ.

ಮರುದಿನ ಊಟದ ನಡುವೆಯೇ ಒಳಗೆ ಹೋದೆ. ಬೀಗ ರಿಪೇರಿ ಮಾಡುವ ಅವರ ಮಗ ಕೆನ್ನೆ ಉಬ್ಬಿಸಿಕೊಂಡು ಅಮ್ಮನ ತಟ್ಟೆಯಿಂದ ಉಣ್ಣುತ್ತಿದ್ದರು.

"ಪೇಷಂಟ್ ಊಟ ಕಣ್ರೀ ಅದು."

ನುಂಗಲೂ ಆಗದೆ ಉಗುಳಲೂ ಆಗದೆ ನನ್ನನ್ನೇ ನೋಡಿದರು. ಕಿವಿಯ ತುದಿ ಕೆಂಪಾಗಿತ್ತು.

"ಅವನ್ನ ಬೈಬೇಡಮ್ಮ," ಎಂದರು ತಾಯಿ. "ಊಟ ಬಿಟ್ರೆ ಮೂಗಿಗೆ ಟ್ಯೂಬ್ ಹಾಕ್ತಾರಂತೆ, ಪಕ್ಕದ ಬೆಡ್‌ನೋರು ಹೇಳಿದ್ರು. ನಾನೇ ತಿನ್ನು ಅಂದೆ."

"ನೀವಾದ್ರೂ ನನ್ನ ಕೇಳಬಾರದಿತ್ತಾ?" ಎಂದೆ ಮಗನಿಗೆ.

"ನಿಮ್ಮನ್ನ ನೋಡಿದ್ರೆ ಭಯ ರೀ. ತಟ್ಟೆನ ಹಂಗೆ ದಿಟ್ಟಿಸ್ತೀರಿ."

"ನಿಮ್ಮ ತೂಕ ನೋಡ್ಬೇಕಿತ್ತು ನಾನು."

"ಬೆಲ್ಟ್ ಬಿಗಿಯಾಗಿದೆ. ಅಷ್ಟೇ ಗೊತ್ತು."

ನಗು ತಡೆಯಲು ತುಟಿ ಕಚ್ಚಿಕೊಂಡೆ. ಅದನ್ನೂ ನೋಡಿಬಿಟ್ಟರು.

ಡಯಟೀಷಿಯನ್ ಮೇಡಂಗೆ ನಡೆದದ್ದು ಹೇಳಿದೆ. ಅವರು ಮೆತ್ತಗಿನ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಆಗಾಗ ಕೊಡಿಸಿದರು. ಪ್ರತಿ ಸಲವೂ ನಾನು ಹೋಗಿ ನಿಂತೆ. ಅಮ್ಮ ಒಂದು ಚಮಚ ಹೆಚ್ಚು ಉಂಡರೆ ಸಾಕು, ತಾವೇ ಪರೀಕ್ಷೆ ಪಾಸಾದ ಹಾಗೆ ಮಗ ನನ್ನತ್ತ ಹುಬ್ಬು ಹಾರಿಸುತ್ತಿದ್ದರು. ತೂಕ ಇಳಿಯುವುದು ನಿಂತಿತು, ಮೆಲ್ಲಗೆ ಏರಿತು. ಆಪರೇಷನ್‌ಗೆ ದಿನ ನಿಗದಿಯಾಯಿತು.

ಆ ದಿನ ಥಿಯೇಟರ್ ಹೊರಗಿನ ಬೆಂಚಿನಲ್ಲಿ ಅವರ ಪಕ್ಕ ಕೂತೆ.

"ನಿಮ್ಮನ್ನ ಒಂದು ಮಾತು ಕೇಳ್ಬೇಕು," ಎಂದರು. "ಅಮ್ಮ ಹೊರಗೆ ಬರ್ಲಿ."

"ಈಗಲೇ ಕೇಳಿ."

"ಈಗ ಕೇಳಿದ್ರೆ, ಭಯಕ್ಕೆ ಏನೋ ಅಂದ ಅಂದ್ಕೋತೀರಿ."

ಅಮ್ಮನನ್ನು ಹೊರಗೆ ತಂದರು. ಎಲ್ಲ ಚೆನ್ನಾಗಾಯಿತು ಎಂದರು ಡಾಕ್ಟರು. ಇವರು ಗೋಡೆಗೆ ಒರಗಿ ಒಂದು ದೀರ್ಘ ಉಸಿರು ಬಿಟ್ಟು, ನನ್ನ ಕಡೆ ತಿರುಗಿದರು.

"ನಮ್ಮನೆಗೆ ಬರ್ತೀರಾ? ಡ್ಯೂಟಿಗಲ್ಲ. ಇರೋದಕ್ಕೆ."

"ಅಮ್ಮನ್ನ ಕೇಳಿದ್ರಾ?"

"ಇನ್ನೂ ಯಾಕೆ ಕೇಳಿಲ್ಲ ಅಂತ ಅವಳೇ ಬೈತಿದ್ಲು."

ಹೂಂ ಎಂದೆ.

ಆ ದಿನಗಳಲ್ಲಿ ಊಟದ ಹೊತ್ತಿಗೆ ನಾನು ಅಷ್ಟು ಅವಸರದಲ್ಲಿ ಓಡುತ್ತಿದ್ದುದು ಅಮ್ಮನಿಗಾಗಿಯೋ ಮಗನಿಗಾಗಿಯೋ, ನನಗೆ ಈಗಲೂ ಗೊತ್ತಿಲ್ಲ.