ಉತ್ತರ ಬರದಿದ್ದರೆ ಹಸಿರು ದೀಪ

ಸರ್ವರ್‌ಗಳ ಮೇಲೆ ಕಣ್ಣಿಡುವ ಆ ಪುಟ್ಟ ಪ್ರೋಗ್ರಾಮಿನ ಸ್ಕ್ರಿಪ್ಟನ್ನು ಓದುತ್ತ ಓದುತ್ತ ಸುಕನ್ಯ ಹಣೆ ಬಡಿದುಕೊಂಡಳು. ಇಂದಿರಾನಗರದ ಅವಳ ಆಫೀಸಿನಲ್ಲಿ ವಾರದ ಕೊನೆಗೆ ಸರ್ವರ್‌ಗಳಿಗೆಲ್ಲ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ್ದರು. ಇವತ್ತು ಬೆಳಿಗ್ಗೆ ಒಂದು ಸರ್ವರ್ ಡಿಸ್ಕ್ ತುಂಬಿ ಮಲಗಿಬಿಟ್ಟಿತ್ತು. ಅದನ್ನು ಕಾಯಬೇಕಾದ ಸ್ಕ್ರಿಪ್ಟ್ ಮಾತ್ರ ಪರದೆಯ ಮೇಲೆ ಹಸಿರು ದೀಪ ಉರಿಸಿಕೊಂಡು ಹಾಯಾಗಿ ಕೂತಿತ್ತು.

“ಇದನ್ನ ಬರೆದ ಪುಣ್ಯಾತ್ಮ ಯಾರು?”

ಪಕ್ಕದ ಕುರ್ಚಿಯ ಪ್ರೇಮ್‌ಕುಮಾರ್ ಮೆಲ್ಲಗೆ ಕೈ ಎತ್ತಿದ. ತಪ್ಪು ಮಾಡಿದಾಗಲೂ ಅವನ ಕಣ್ಣು ನಗುತ್ತಿತ್ತು. ಅದು ತನಗೆ ಇಷ್ಟವಾಗುತ್ತದಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

“ನಿನ್ನ ಹಳೇ ಕಮಾಂಡು ಹೊಸ ಸಿಸ್ಟಮ್‌ನಲ್ಲಿ ಇಲ್ವೇ ಇಲ್ಲ. ಡಿಸ್ಕ್ ತುಂಬಿದ್ಯಾ ಅಂತ ಕೇಳಿದ್ರೆ ಉತ್ತರಾನೇ ಬರಲ್ಲ. ಉತ್ತರ ಬರ್ಲಿಲ್ಲ ಅಂದ್ರೆ ಎಲ್ಲ ಸರಿ ಅಂತ ಬರ್ದಿದ್ದೀಯಲ್ಲ, ತಲೆ ಎಲ್ಲಿಟ್ಟಿದ್ದೆ?”

“ತೊಂದ್ರೆ ಇದ್ರೆ ಅದೇ ಹೇಳುತ್ತೆ ಅಂದ್ಕೊಂಡೆ ಕಣೇ.”

ಥೂ, ಇಂಥವನನ್ನು ಪ್ರೀತಿಸಿದೆನಲ್ಲ. ಮದುವೆಗೆಂದು ನೋಡಿದ್ದ ರಾಮಮೂರ್ತಿ ನಗರದ ಹುಡುಗನ ಮನೆಯವರಿಗೆ ಇವತ್ತು ಸಂಜೆಯೊಳಗೆ ಒಪ್ಪಿಗೆ ತಿಳಿಸಬೇಕೆಂದು ಅಮ್ಮ ಕಾಯುತ್ತಿದ್ದಳು. ಹೋದ ವಾರ ಕಾಕ್ಸ್ ಟೌನ್ ಬೇಕರಿಯಲ್ಲಿ ಸುಕನ್ಯ ಈ ವಿಷಯ ಹೇಳಿದಾಗ ಪ್ರೇಮ್‌ಕುಮಾರ್ “ಒಳ್ಳೇ ಸಂಬಂಧ ಅಲ್ವಾ” ಎಂದು ಟೀಯಲ್ಲಿ ರಸ್ಕ್ ಅದ್ದಿಕೊಂಡು ಚಪ್ಪರಿಸಿದ್ದ. ಆ ಸದ್ದು ಇನ್ನೂ ಅವಳ ಕಿವಿಯಲ್ಲಿತ್ತು.

ಹಲ್ಲು ಕಚ್ಚಿಕೊಂಡು ಕಮಾಂಡ್ ಬದಲಿಸಿದಳು. ಉತ್ತರ ಬರದಿದ್ದರೆ ಕೆಂಪು ದೀಪ ಹತ್ತುವಂತೆ ಬರೆದಳು. ಅಷ್ಟರಲ್ಲಿ ಅಮ್ಮನ ಫೋನು ಬಂತು.

“ಹೂಂ ಅಂತೀಯಾ?” ಪ್ರೇಮ್‌ಕುಮಾರ್ ಕೇಳಿದ.

“ಅಂದ್ರೆ ನಿಂಗೇನು?”

“ಹುಡುಗ ಬೇಡ ಅಂತ ನೀನು ಒಂದ್ಸಲಾನೂ ಹೇಳ್ಲಿಲ್ಲ. ಇಷ್ಟ ಆಗಿದ್ದಾನೆ ಅಂದ್ಕೊಂಡೆ.”

ಮೌಸನ್ನು ಅವನ ತಲೆಗೆ ಎಸೆಯಬೇಕೆನಿಸಿತು.

“ನಾನು ಸುಮ್ನಿದ್ರೂ ಎಲ್ಲ ಸರೀನಾ? ಬಾಯ್ಬಿಟ್ಟು ಕೇಳೋಕೆ ಏನು ರೋಗ ನಿಂಗೆ?”

ಅವನ ಕಣ್ಣಿನ ನಗು ಆರಿತ್ತು. “ಭಯ. ನೀನು ನನ್ನನ್ನ ಬೇಡ ಅಂದ್ಬಿಟ್ರೆ ಆಮೇಲೆ ಬೇಕರಿಗೂ ಬರಲ್ಲ ಅಂತ.” ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. “ಅವ್ನಿಗೆ ಹೂಂ ಅನ್ಬೇಡ, ಸುಕನ್ಯ. ನೀನಿಲ್ದೆ ನಂಗಾಗಲ್ಲ.”

ಎರಡು ವರ್ಷದಿಂದ ಅವಳು ಕಾದಿದ್ದ ಮಾತು, ಬೆವರಿದ ಮುಖದಿಂದ, ಎಸಿ ಹಾಕಿದ ರೂಮಿನಲ್ಲಿ ಬಂತು. ಅವಳಿಗೆ ಅಳುವೂ ಬಂತು, ಅವನನ್ನು ಚಚ್ಚಿಹಾಕುವಷ್ಟು ಸಿಟ್ಟೂ ಬಂತು. ಅವನ ಕೈಯನ್ನು ಮೇಜಿನ ಕೆಳಗೆ ಗಟ್ಟಿಯಾಗಿ ಹಿಡಿದುಕೊಂಡು ಫೋನ್ ಎತ್ತಿದಳು.

“ಅಮ್ಮ, ಅವ್ರಿಗೆ ಬೇಡ ಅಂದ್ಬಿಡು. ಭಾನುವಾರ ಒಬ್ಬನ್ನ ಮನೆಗೆ ಕರ್ಕೊಂಡ್ ಬರ್ತೀನಿ. ಹುಡುಗ ಒಳ್ಳೆಯವ್ನೇ. ಆದ್ರೆ ನೀನು ಸುಮ್ನಿದ್ರೆ ಎಲ್ಲ ಸರಿ ಅಂದ್ಕೋತಾನೆ, ಏನಿದ್ರೂ ಬಾಯ್ಬಿಟ್ಟೇ ಹೇಳ್ಬೇಕಾಗುತ್ತೆ.”