ನಾಲ್ಕು ಪೆಟ್ಟಿಗೆ ಪತಂಗ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರನ್ನು ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. ಚಿನ್ನ, ಫೋನು, ಸ್ಕೂಟರು ಅಂತ ಓದಿ ಓದಿ ಪಳಗಿದ ಕಣ್ಣಿಗೆ ಇದು ಹೊಸದು. ಕಳುವಾದ ವಸ್ತು: ಸತ್ತ ಪತಂಗಗಳು, ಗಾಜಿನ ಮುಚ್ಚಳದ ಮರದ ಪೆಟ್ಟಿಗೆ ನಾಲ್ಕು.

“ಪತಂಗ ಅಂದ್ರೆ ಯಾವುದಮ್ಮ?”

“ದೀಪಕ್ಕೆ ಬರುತ್ತಲ್ಲ ಸರ್, ಆ ಹುಳ.” ಎದುರಿಗೆ ಕೂತವಳು ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ, ಮೂವತ್ತು ದಾಟಿದವಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

ಮೂಲೆಯಲ್ಲಿ ಕೂತಿದ್ದ ಕಾನ್‌ಸ್ಟೆಬಲನ್ನು ಠಾಣೆಯವರೆಲ್ಲ ‘ಗಡಿಯಾರ’ ಅಂತ ಕರೆಯುತ್ತಿದ್ದರು. ಯಾರು ಕೆಮ್ಮಿದರೂ ಟೈಮು ಬರೆದಿಡುವ ಆಸಾಮಿ. “ನಮ್ಮನೆ ಟ್ಯೂಬ್‌ಲೈಟ್ ಕೆಳಗೆ ದಿನಾ ಒಂದು ಮೊರ ಸಿಗುತ್ತೆ ಸಾರ್, ಬೇಕಾದ್ರೆ...” ಅಂತ ಬಾಯಿ ತೆರೆದವನು ಇನ್ಸ್‌ಪೆಕ್ಟರ್ ಕಣ್ಣು ನೋಡಿ ಮಿಕ್ಕಿದ್ದನ್ನು ನುಂಗಿಕೊಂಡ.

ಹುಡುಗಿಗೆ ನಗು ಬರಲಿಲ್ಲ. ಆರು ವರ್ಷ ಕಾಡುಮೇಡು ಅಲೆದು ಹಿಡಿದ ಹುಳಗಳವು. ಒಂದೊಂದನ್ನೂ ಸೂಜಿಗೆ ಚುಚ್ಚಿ, ರೆಕ್ಕೆ ಬಿಡಿಸಿ, ಒಣಗಿಸಿ ಇಟ್ಟದ್ದು. ಎರಡು ವಾರದಲ್ಲಿ ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಪೆಟ್ಟಿಗೆ ತೆರೆಸಿ ಹುಳ ನೋಡಿಯೇ ಪಿಎಚ್‌.ಡಿ. ಕೊಡೋದು. ಅದು ಸಿಕ್ಕರೆ ದೂರದ ಊರಲ್ಲಿ ಕೆಲಸ ಕಾದಿದೆ, ಮುಂದಿನ ತಿಂಗಳೇ ಸೇರಬೇಕು. ಹುಳ ಇಲ್ಲದಿದ್ದರೆ ಪದವಿ ಇಲ್ಲ, ಪದವಿ ಇಲ್ಲದಿದ್ದರೆ ಕೆಲಸ ಇನ್ನೊಬ್ಬರ ಪಾಲು.

“ಇಷ್ಟು ಮುಖ್ಯವಾದದ್ದನ್ನ ಮನೇಲಿ ಯಾಕಿಟ್ಟಿದ್ದೆ?”

“ಲ್ಯಾಬಿನ ಬೀರುವಿಗೆ ಗೆದ್ದಲು ಹತ್ತಿತ್ತು ಸರ್. ಗೈಡ್ ಹೇಳಿಯೇ ಮನೆಗೆ ತಂದಿದ್ದು.”

ಪೆಟ್ಟಿಗೆಗಳು ಕಾಯಿದೆ ಪ್ರಕಾರ ವಿಶ್ವವಿದ್ಯಾಲಯದ ಸ್ವತ್ತು. ವಿಭಾಗದ ಮುಖ್ಯಸ್ಥರ ಪತ್ರವನ್ನೂ ಅವಳು ತಂದಿದ್ದಳು. ಎಫ್‌ಐಆರ್ ಆಯಿತು. ಅವಳು ದೂರುದಾರಳೆಂದು ಸಹಿ ಹಾಕಿದಳು.

ಸ್ಥಳ ಮಹಜರಿಗೆ ಇನ್ಸ್‌ಪೆಕ್ಟರ್, ಗಡಿಯಾರ, ಮಹಿಳಾ ಹೆಡ್ ಕಾನ್‌ಸ್ಟೆಬಲ್ ಮೂವರೂ ಮಧ್ಯಾಹ್ನ ಕ್ವಾರ್ಟರ್ಸಿಗೆ ಹೋದರು. ಮದುವೆಯಾದ, ಇಲ್ಲವೇ ಹೆತ್ತವರನ್ನು ಜೊತೆಗಿಟ್ಟುಕೊಂಡ ಸಂಶೋಧಕರಿಗೆಂದು ಕಟ್ಟಿದ ಮೂರು ಮಹಡಿಯ ಕಟ್ಟಡ. ಮೆಟ್ಟಿಲ ಕೆಳಗೆ ಗಾಳಿ ಇಳಿದ ಸೈಕಲ್ಲುಗಳು. ಪ್ರತಿ ಬಾಗಿಲ ಮುಂದೆ ಚಪ್ಪಲಿ ರಾಶಿ. ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯಲ್ಲಿ ಸೀನು. ಎರಡನೇ ಮಹಡಿಯಲ್ಲಿ ಹುಡುಗಿಯದು ಎರಡು ಕೋಣೆಯ ಮನೆ. ಜೊತೆಗೆ ತಾಯಿ.

ತಾಯಿ ಕೇಳದೆಯೇ ಟೀ ಇಟ್ಟರು. ತೆಳ್ಳಗಿನ, ಚುರುಕು ಹೆಂಗಸು. ನಿನ್ನೆ ಮಧ್ಯಾಹ್ನ ಮಗಳು ಲ್ಯಾಬಿಗೆ ಹೋಗಿದ್ದಳಂತೆ. ತಾನು ತರಕಾರಿ ತರೋಕೆ ಹೋಗಿ ಬಂದರಂತೆ. ಸಂಜೆ ಮಗಳು ಬಂದು ನೋಡಿದರೆ ಪುಸ್ತಕದ ಕಪಾಟಿನ ಮೇಲೆ ಪೆಟ್ಟಿಗೆ ಇಲ್ಲ.

“ಬೀಗ ಹಾಕಿದ್ರಾ ತಾಯಿ?”

“ಮರೆತೆ ಅನ್ಸುತ್ತೆ ಸಾರ್. ವಯಸ್ಸಾಯ್ತಲ್ಲ.”

ಬೀಗ ನೆಟ್ಟಗಿತ್ತು. ಕಿಟಕಿ ಸರಳು ನೆಟ್ಟಗಿದ್ದವು. ಅದೇ ಕಪಾಟಿನಲ್ಲಿ ಮಗಳ ಲ್ಯಾಪ್‌ಟಾಪು, ಕ್ಯಾಮೆರಾ ಯಾರೂ ಮುಟ್ಟದೆ ಕೂತಿದ್ದವು. ಹೆಡ್ ಕಾನ್‌ಸ್ಟೆಬಲ್ ಕಪಾಟಿನ ಮೇಲೆ ಕೈಯಾಡಿಸಿ ಕೇಳಿದಳು: “ಇಲ್ಲಿ ಇನ್ನೇನೋ ಡಬ್ಬ ಇತ್ತಲ್ವಾ? ಧೂಳಲ್ಲಿ ಗುಂಡಗೆ ಗುರುತಿದೆ.”

“ನುಸಿಗುಳಿಗೆ ಡಬ್ಬ. ಪೆಟ್ಟಿಗೆಗೆ ಹಾಕ್ತೀನಿ, ಇಲ್ಲಾಂದ್ರೆ ಇರುವೆ ತಿಂದುಹಾಕುತ್ತೆ,” ಅಂದಳು ಮಗಳು. “ಅಯ್ಯೋ, ಅದೂ ಹೋಗಿದೆ!”

ಇನ್ಸ್‌ಪೆಕ್ಟರ್ ಟೀ ಕುಡಿಯುತ್ತ ಮನೆಯನ್ನೆಲ್ಲ ಕಣ್ಣಲ್ಲೇ ಒಂದು ಸುತ್ತು ಹಾಕಿದರು. ಹೊರಗಿನ ಕೋಣೆಯಲ್ಲಿ ಮಗಳ ಪುಸ್ತಕ ಆಗಲೇ ರಟ್ಟಿನ ಡಬ್ಬ ಸೇರಿತ್ತು. ಪದವಿ ಬಂದ ತಿಂಗಳೊಳಗೆ ಮನೆ ಖಾಲಿ ಮಾಡಬೇಕು, ಅದು ಇಲ್ಲಿಯ ನಿಯಮ. ಅಡುಗೆಮನೆಯಲ್ಲಿ ಮಾತ್ರ ಒಂದು ಚಮಚವೂ ಜಾಗ ಬಿಟ್ಟಿರಲಿಲ್ಲ. ಗೋಡೆಗೆ ಸಾಲಾಗಿ ಮೊಳೆ ಹೊಡೆದು ಸೌಟು, ಜರಡಿ, ಒರೆಸೋ ಬಟ್ಟೆ ತೂಗುಹಾಕಿದ್ದರು. ಒಂದು ಮೊಳೆಯ ಸುತ್ತ ಉದುರಿದ ಸುಣ್ಣ ಇನ್ನೂ ಬೆಳ್ಳಗಿತ್ತು. ಬಾಗಿಲ ಪಕ್ಕದ ಹಲಗೆಗೆ ಏಳೆಂಟು ಬೀಗದ ಕೈ ನೇತಾಡುತ್ತಿದ್ದವು.

“ಇವೆಲ್ಲ ಯಾರದು?”

“ಮಹಡಿಯವರದು ಸಾರ್. ಫೀಲ್ಡ್‌ವರ್ಕು, ಲೈಬ್ರರಿ ಅಂತ ಹೋಗೋವಾಗ ಕೊಟ್ಟು ಹೋಗ್ತಾರೆ. ಗ್ಯಾಸಿನವನು ಬರ್ತಾನೆ, ಗಿಡಕ್ಕೆ ನೀರು ಹಾಕ್ಬೇಕು...” ಹೇಳುವಾಗ ಆಕೆಯ ಮುಖ ಅರಳಿತು. “ನನ್ನನ್ನ ಬೀಗದಮ್ಮ ಅಂತಾನೇ ಕರೆಯೋದು.”

ಹೊರಗೆ ಬಂದ ಮೇಲೆ ಹಿಂದಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ಆಮೇಲೆ ಬಾಗಿಲನ್ನು ಒಳಗಿನಿಂದ ಎರಡು ಸಲ ಎಳೆದು ನೋಡಿದ ಸದ್ದು. ಇನ್ಸ್‌ಪೆಕ್ಟರ್ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತರು.

“ಬೀಗ ಹಾಕೋಕೆ ಮರೆಯೋ ಜನ ಹಿಂಗೆ ಎಳೆದು ನೋಡ್ತಾರೇನ್ರೀ?”

“ಇಲ್ಲ ಸಾರ್,” ಅಂದಳು ಹೆಡ್ ಕಾನ್‌ಸ್ಟೆಬಲ್. “ನಮ್ಮತ್ತೆ ಹಿಂಗೇ. ಪ್ರಳಯ ಆದ್ರೂ ಬೀಗ ಹಾಕಿಯೇ ಓಡೋದು.”

ಹಾಗಂತ ತಾಯಿಯ ಕಡೆ ಒಮ್ಮೆಗೇ ಬೆರಳು ತೋರಿಸೋಕಾಗುತ್ತದೆಯೇ? ಮಗಳು ಒಬ್ಬನ ಮೇಲೆ ಅನುಮಾನ ಹೇಳಿದ್ದಳು. ಕೆಳಗಿನ ಮಹಡಿಯ ಸಂಶೋಧಕ, ಜೇಡಗಳ ಬಗ್ಗೆ ಓದುವವನು. ಲ್ಯಾಬಿನಲ್ಲಿ ಕಪಾಟಿನ ಜಾಗಕ್ಕೆ ಇಬ್ಬರಿಗೂ ಜಗಳವಾಗಿತ್ತು. ಅವನನ್ನು ಸಂಜೆ ಠಾಣೆಗೆ ಕರೆಸಿದರು.

“ಭಾನುವಾರ ಮಧ್ಯಾಹ್ನ ಎಲ್ಲಿದ್ದೆ?”

“ಲ್ಯಾಬಲ್ಲಿ. ಜೇಡಗಳಿಗೆ ಊಟ ಹಾಕ್ತಿದ್ದೆ ಸರ್.”

“ಭಾನುವಾರಾನೂ?”

“ಅವಕ್ಕೆ ರಜಾ ಗೊತ್ತಿಲ್ಲ.”

“ಅವಳ ಪೆಟ್ಟಿಗೆ ನೀನು ತಗೊಂಡ್ಯಾ?”

“ಜಗಳ ಆಡಿದ್ದು ನಿಜ. ಆದರೆ ಆರು ವರ್ಷದ ಕೆಲಸ ಸರ್ ಅದು! ನಮ್ಮಲ್ಲಿ ಯಾರೂ ಅದಕ್ಕೆ ಕೈ ಹಾಕಲ್ಲ. ಹಾಕೋಕೆ ಮನಸ್ಸೇ ಬರಲ್ಲ.” ಲ್ಯಾಬಿನ ಕ್ಯಾಮೆರಾ ಅವನ ಮಾತು ನಿಜವೆಂದಿತು. ಕ್ವಾರ್ಟರ್ಸ್ ಗೇಟಿನ ಕಾವಲುಗಾರನೂ ಕೇರಂ ಬೋರ್ಡಿನಷ್ಟು ದೊಡ್ಡ ಪೆಟ್ಟಿಗೆ ಹೊತ್ತು ಯಾರೂ ಹೊರಗೆ ಹೋಗಿಲ್ಲ ಅಂದ. ಅಂದರೆ ಪೆಟ್ಟಿಗೆಗಳು ಕಾಂಪೌಂಡಿನೊಳಗೇ ಇದ್ದವು.

ಆ ರಾತ್ರಿ ಮನೆಗೆ ಹೋದ ಇನ್ಸ್‌ಪೆಕ್ಟರ್ ಊಟಕ್ಕೆ ಕೂತವರು ಸುಮ್ಮನೆ ಗೋಡೆ ನೋಡಿದರು. ಅವರದೂ ಸರ್ಕಾರಿ ಮನೆಯೇ, ಪೊಲೀಸ್ ಕ್ವಾರ್ಟರ್ಸು. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಹೆಂಡತಿ ಹೊಸ ಕ್ಯಾಲೆಂಡರನ್ನು ಗೋಡೆಗೆ ಹಾಕದೆ ಫ್ರಿಜ್ಜಿನ ಮೇಲೆ ಒರಗಿಸಿಟ್ಟಿದ್ದಳು.

“ಗೋಡೆಗೆ ಹಾಕಬಾರದಾ?”

“ಬಿಟ್ಟು ಹೋಗೋ ಮನೆಗೆ ಮೊಳೆ ಯಾಕ್ರೀ?” ಅಂದಳು ಹೆಂಡತಿ, ಅನ್ನ ಬಡಿಸುತ್ತ.

ಇನ್ಸ್‌ಪೆಕ್ಟರ್ ಕೈಲಿದ್ದ ತುತ್ತು ಅಲ್ಲೇ ನಿಂತಿತು. ಮುಂದಿನ ತಿಂಗಳು ಬಿಡಬೇಕಾದ ಮನೆಯ ಗೋಡೆಗೆ ಆ ತಾಯಿ ಮೊನ್ನೆ ಮೊನ್ನೆ ಮೊಳೆ ಹೊಡೆದಿದ್ದರು. ಮಗಳು ಗಂಟುಮೂಟೆ ಕಟ್ಟುತ್ತಿದ್ದಾಳೆ, ತಾಯಿ ಬೇರು ಬಿಡುತ್ತಿದ್ದಾರೆ. ಹುಳ ಕದ್ದವರಿಗೆ ಅದು ಹಾಳಾಗುವುದು ಬೇಕಿರಲಿಲ್ಲ, ಅದಕ್ಕೇ ನುಸಿಗುಳಿಗೆಯನ್ನೂ ಜೊತೆಗೇ ಒಯ್ದಿದ್ದಾರೆ. ಲೆಕ್ಕ ಸರಿಹೋಯಿತು. ಅರ್ಧ ಊಟಕ್ಕೇ ಎದ್ದು ಕೈ ತೊಳೆದರು.

ಮಂಗಳವಾರ ಬೆಳಿಗ್ಗೆ ಹಲಗೆಯ ಮೇಲಿನ ಬೀಗದ ಕೈಗಳ ಮನೆಗಳನ್ನು ಒಂದೊಂದಾಗಿ ವಿಚಾರಿಸಿದರು. ಎದುರುಮನೆಯ ದಂಪತಿ ಬಿಟ್ಟು ಮಿಕ್ಕವರೆಲ್ಲ ಊರಲ್ಲೇ ಇದ್ದರು. ಆ ಗಂಡ ಹೆಂಡತಿ ಕಲ್ಲುಬಂಡೆಗಳ ಅಧ್ಯಯನಕ್ಕೆ ಬೆಟ್ಟಸಾಲಿಗೆ ಹೋಗಿ ತಿಂಗಳಾಗಿತ್ತು. ಫೋನಿನಲ್ಲಿ ಅವರ ಒಪ್ಪಿಗೆ ಪಡೆದು, ಕ್ವಾರ್ಟರ್ಸಿನ ಮೇಲ್ವಿಚಾರಕ ಮತ್ತು ಮಾಲಿಯನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಇನ್ಸ್‌ಪೆಕ್ಟರ್ ತಾಯಿಯ ಮುಂದೆ ಕೈ ಚಾಚಿದರು.

“ಎದುರುಮನೆ ಬೀಗದ ಕೈ ಕೊಡಿ ತಾಯಿ.”

ಆಕೆ ಕೊಟ್ಟರು. ಮಗಳು ಮಾತ್ರ “ಅಲ್ಲಿ ಯಾಕೆ ಸರ್?” ಅನ್ನುತ್ತಲೇ ಹಿಂದೆ ಬಂದಳು.

ಒಳಕೋಣೆಯ ಮಂಚದ ಮೇಲೆ ನಾಲ್ಕೂ ಪೆಟ್ಟಿಗೆಗಳು ಒಂದರ ಪಕ್ಕ ಒಂದು ಮಲಗಿದ್ದವು. ಧೂಳು ಕೂರದಂತೆ ಮೇಲೆ ಒಗೆದ ಬೆಡ್‌ಶೀಟು ಹೊದಿಸಿತ್ತು. ಪಕ್ಕದಲ್ಲಿ ನುಸಿಗುಳಿಗೆ ಡಬ್ಬ. ಇರುವೆ ಹತ್ತಬಾರದೆಂದು ಮಂಚದ ಒಂದೊಂದು ಕಾಲನ್ನೂ ನೀರು ತುಂಬಿದ ಸ್ಟೀಲ್ ಬಟ್ಟಲಿನಲ್ಲಿ ಇಟ್ಟಿದ್ದರು. ಆ ಬಟ್ಟಲುಗಳನ್ನು ಮಗಳು ನೋಡಿದಳು. ಹುಟ್ಟಿದಾಗಿನಿಂದ ಉಂಡ ಬಟ್ಟಲುಗಳು, ಗುರುತು ಸಿಗದೆ ಇರುತ್ತದೆಯೇ?

“ಅಮ್ಮಾ?”

ತಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. “ಒಂದು ರೆಕ್ಕೇನೂ ಮುರಿದಿಲ್ಲ ಪುಟ್ಟಿ. ಅಡ್ಡ ಮಾಡದೆ, ಊಟದ ತಟ್ಟೆ ಹಿಡಿದ ಹಾಗೆ ಹಿಡ್ಕೊಂಡು ಬಂದೆ. ಬೇಕಾದ್ರೆ ನೋಡ್ಕೋ.”

ಗಡಿಯಾರ ಟೈಮು ಬರೆಯಲು ಪೆನ್ನು ತೆರೆದವನು ಹಾಗೇ ನಿಂತುಬಿಟ್ಟ. ಇನ್ಸ್‌ಪೆಕ್ಟರೇ ಹೇಳಿದರು: “ಬರೀರಿ. ಹನ್ನೊಂದು ಇಪ್ಪತ್ತು.” ಜಪ್ತಿ ಪಂಚನಾಮೆ ಆಯಿತು. ಪಂಚರು ಸಹಿ ಹಾಕಿದರು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕೇಳುತ್ತ ಹೋದರು, ಹೆಡ್ ಕಾನ್‌ಸ್ಟೆಬಲ್ ತಾಯಿಯ ಪಕ್ಕದಲ್ಲಿ ಕೂತು ಹೇಳಿಕೆ ಬರೆದುಕೊಂಡಳು. ಮಗಳು ಗೋಡೆಗೊರಗಿ ನಿಂತಿದ್ದಳು.

“ಯಾಕೆ ತಗೊಂಡ್ರಿ?”

“ನಾಕು ತಿಂಗಳು ಮುಂದೆ ಹೋಗ್ಲಿ ಅಂತ.”

“ಏನು ಮುಂದೆ ಹೋಗ್ಬೇಕಿತ್ತು?”

“ಮನೆ ಬಿಡೋದು.” ಆಕೆ ಭುಜದ ಮೇಲೆ ಶಾಲು ಸರಿಮಾಡಿಕೊಂಡರು. “ಮೇಲಿನ ಮನೆ ಹುಡುಗಿ ಇದ್ದಾಳಲ್ಲ, ಕರೆಂಟ್ ಹೋಗಿ ಅವಳ ಫ್ರಿಜ್ಜಲ್ಲಿದ್ದ ಸ್ಯಾಂಪಲ್ಲೆಲ್ಲ ಕೆಟ್ಟಿತ್ತು. ಅವಳಿಗೆ ಆರು ತಿಂಗಳು ಜಾಸ್ತಿ ಕೊಟ್ರು. ಅಯ್ಯೋ, ಮಹಡಿಯವರೆಲ್ಲ ಕುಣಿದಾಡಿದ್ರು. ನಾನೇ ಎಲ್ಲರಿಗೂ ಟೀ ಮಾಡಿದ್ದೆ. ಇವಳಿಗೂ ಹಂಗೇ ಕೊಡ್ತಾರೆ, ಕೆಲಸದವರೂ ಅಲ್ಲಿವರೆಗೆ ಕಾಯ್ತಾರೆ, ಆಮೇಲೆ ಪೆಟ್ಟಿಗೆ ಸಿಕ್ತು ಅಂತ ತಂದಿಟ್ರಾಯ್ತು ಅಂದ್ಕೊಂಡೆ. ಅವಳ ವಿಷಯಕ್ಕೆ ಪೊಲೀಸರು ಬಂದಿರಲಿಲ್ಲ ಸಾರ್.”

ಹೆಡ್ ಕಾನ್‌ಸ್ಟೆಬಲ್ ತಲೆ ತಗ್ಗಿಸಿ ಬರೆಯುತ್ತಲೇ ಇದ್ದಳು.

“ಕೆಲಸದ ಊರಿಗೆ ಮಗಳ ಜೊತೆ ನೀವೂ ಹೋಗಬಹುದಿತ್ತಲ್ಲ?”

“ಅಲ್ಲಿ ಒಬ್ಬರಿಗೇ ರೂಮು. ವರ್ಷ ಆದ್ಮೇಲೆ ಮನೆ ಮಾಡ್ತೀನಿ, ಅಲ್ಲಿವರೆಗೂ ಮಾವನ ಮನೇಲಿರು ಅಂದ್ಲು. ನಾನು ಆಯ್ತು ಅಂದೆ. ಇವಳಪ್ಪ ಹೋದ್ಮೇಲೆ ಹದಿನಾರು ವರ್ಷ ನಮ್ಮಣ್ಣನ ಮನೇಲಿದ್ದೆ ಸಾರ್. ಹೊಡೀಲಿಲ್ಲ, ಬೈಲಿಲ್ಲ, ಸುಳ್ಳು ಹೇಳಬಾರದು. ಅಡುಗೆಮನೇಲಿ ಮಲಗ್ತಿದ್ದೆ. ಅದಕ್ಕೆ ಬಾಗಿಲಿರಲಿಲ್ಲ. ಯಾರಿಗಾದ್ರೂ ನೀರು ಬೇಕಾದ್ರೆ ನನ್ನನ್ನ ದಾಟ್ಕೊಂಡು ಹೋಗ್ತಿದ್ರು. ಈ ಕ್ವಾರ್ಟರ್ಸಿಗೆ ಬಂದ ದಿನ ಒಳಗಿಂದ ಚಿಲಕ ಹಾಕ್ಕೊಂಡು ಮಧ್ಯಾಹ್ನ ನಿದ್ದೆ ಮಾಡಿದೆ. ನನ್ನ ಜೀವಮಾನದಲ್ಲೇ ಮೊದಲನೇ ಸಲ. ಅಷ್ಟೇ.”

ಮಗಳು ಗೋಡೆ ಬಿಟ್ಟು ಮುಂದೆ ಬಂದಳು. ಕೋಪವೂ ಅಳುವೂ ಒಟ್ಟಿಗೇ ಉಕ್ಕಿದ್ದವು. “ನನ್ನ ಆರು ವರ್ಷ ಅಮ್ಮ ಅದು! ಹೋಗೋಕೆ ಇಷ್ಟ ಇಲ್ಲ ಅಂತ ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?”

“ಹೇಳಿದ್ರೆ ನೀನು ಕೆಲಸ ಬಿಟ್ಟುಬಿಡ್ತಿದ್ದೆ.”

ಮಾತು ನಿಜವಾಗಿತ್ತು. ಮಗಳು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತಳು.

ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿ ಅಂದಳು: “ನಾನು ದೂರು ವಾಪಸ್ ತಗೋತೀನಿ ಸರ್.”

“ಆಗಲ್ಲಮ್ಮ. ಹುಳ ನಿಂದು, ಪೆಟ್ಟಿಗೆ ವಿಶ್ವವಿದ್ಯಾಲಯದ್ದು. ಎಫ್‌ಐಆರ್ ಆದ್ಮೇಲೆ ಅದು ನಿನ್ನ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ.” ಇನ್ಸ್‌ಪೆಕ್ಟರ್ ಧ್ವನಿ ತಗ್ಗಿಸಿದರು. “ಪೆಟ್ಟಿಗೆ ವಿಭಾಗಕ್ಕೆ ಬಿಡಿಸಿಕೊಡಿ ಅಂತ ಇವತ್ತೇ ಕೋರ್ಟಿಗೆ ಬರೀತೀನಿ. ಪರೀಕ್ಷಕರು ಬರೋ ಹೊತ್ತಿಗೆ ನಿನ್ನ ಹುಳ ನಿನ್ನ ಮೇಜಿನ ಮೇಲಿರುತ್ತೆ. ವಿಭಾಗದವರು ರಾಜಿಗೆ ಒಪ್ಪಿದ್ರೆ ಕೋರ್ಟೂ ಒಪ್ಪಬಹುದು. ನಾಳೆ ಜಾಮೀನಿಗೆ ಒಬ್ಬ ವಕೀಲರನ್ನ ನೋಡು.”

ಮಧ್ಯಾಹ್ನ ಮೂರು ಗಂಟೆಗೆ ಬಂಧನದ ಕಾಗದ ತಯಾರಾಯಿತು. ಹೆಡ್ ಕಾನ್‌ಸ್ಟೆಬಲ್ ತಾಯಿಗೆ ಓದಿ ಹೇಳಿದಳು. ಕೊನೆಗೆ ಒಂದು ಸಾಲು ಖಾಲಿ ಉಳಿದಿತ್ತು.

“ಬಂಧನ ಮಾಡಿರೋ ವಿಷಯ ನಿಮ್ಮ ಸಂಬಂಧಿಕರಲ್ಲಿ ಒಬ್ಬರಿಗೆ ತಿಳಿಸ್ಬೇಕಮ್ಮ, ಕಾನೂನು. ಯಾರಿಗೆ ತಿಳಿಸೋಣ? ನಿಮ್ಮಣ್ಣನವರಿಗಾ?”

ಇಷ್ಟು ಹೊತ್ತೂ ಕದಲದೆ ಕೂತಿದ್ದ ಹೆಂಗಸು ಈಗ ಹೆದರಿದರು. ಹೆಡ್ ಕಾನ್‌ಸ್ಟೆಬಲ್ ಕೈಯನ್ನೇ ಹಿಡಿದುಕೊಂಡುಬಿಟ್ಟರು. “ಬೇಡಮ್ಮ. ಅವನೊಬ್ಬನಿಗೆ ಬೇಡ. ಜೈಲಿಗೆ ಬೇಕಾದ್ರೆ ಹಾಕಿ.”

“ಹಂಗಾದ್ರೆ ಬೇರೆ ಯಾರಿದ್ದಾರೆ?”

ಆಕೆ ಯೋಚಿಸಿದರು. ಹೆಸರು ಸಿಗಲಿಲ್ಲ. ಮಗಳ ಕಡೆ ತಿರುಗಿ ನೋಡುವ ಧೈರ್ಯವೂ ಬರಲಿಲ್ಲ, ದೂರು ಕೊಟ್ಟವಳೇ ಅವಳಲ್ಲವೇ.

ಬೆಂಚಿನಿಂದ ಮಗಳು ಎದ್ದು ಬಂದಳು. ಮುಖ ಇನ್ನೂ ಬಿಗಿದೇ ಇತ್ತು. ತಾಯಿಯನ್ನು ನೋಡದೆ ಹೆಡ್ ಕಾನ್‌ಸ್ಟೆಬಲ್ ಮುಂದಿದ್ದ ಪೆನ್ನು ತಗೊಂಡಳು.

“ನನಗೇ ತಿಳಿಸಿ.”

ಹಾಗೆ ಒಂದೇ ಕಡತದಲ್ಲಿ ಅವಳ ಎರಡು ಸಹಿಗಳು ಬಿದ್ದವು. ಎರಡನೆಯದರ ಪಕ್ಕದಲ್ಲಿ, ಆರೋಪಿಗೂ ನಿಮಗೂ ಏನು ಸಂಬಂಧ ಎಂಬಲ್ಲಿ, ಅವಳು ‘ಮಗಳು’ ಎಂದು ಬರೆದಳು.